ಕಳದ ನಡುವೆ ನಿಂತು ಮಾತಾಡುವವರು

(ಉತ್ಸವದ ಅಂಗವಾಗಿ ಜರಗಿದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ತುಲಾ ಮಾಸದ ಹತ್ತು ಹತ್ತಿರ ಬರುತ್ತಿದೆ. ಅಕ್ಟೋಬರ್ ತಿಂಗಳ ಕೊನೆಯ ವಾರದಲ್ಲಿ ಬರುವ ಈ ದಿನವನ್ನು ಚಂದ್ರಗಿರಿ ಹೊಳೆಯ ತೆಂಕಣ ಊರುಗಳಲ್ಲಿ ಪತ್ತಾಮುದಯ ಎನ್ನುತ್ತಾರೆ. ಅಂದಿನಿಂದ ಕಾವುಗಳಲ್ಲಿ ತೆಯ್ಯಂ ಕಟ್ಟುವ ಕಾಲ ಆರಂಭವಾಗುತ್ತದೆ. ಹೊಳೆಯ ಬಡಗಣ ತುಳುನಾಡಿನಲ್ಲಿ ದೀಪಾವಳಿ ಕಳೆದರೆ ಭೂತಗಳ ಕೋಲ, ನೇಮಗಳಿಗೆ ದಿನ ನಿಗದಿಯಾಗತೊಡಗುತ್ತದೆ. ಮೇ ತಿಂಗಳ ಕೊನೆಯ ಪತ್ತನಾಜೆಯವರೆಗೆ ತುಳುವರ ಊರುಗಳಲ್ಲೂ, ಮಳೆಗಾಲ ಕಾಲಿಡುವವರೆಗೆ ಮಲಯಾಳದ ಕಾವುಗಳಲ್ಲೂ ದೀವಟಿಗೆ ಆರುವುದಿಲ್ಲ. ಕಾಸರಗೋಡಿನ ಜನಕ್ಕೆ ಎರಡೂ ಸ್ವಂತ. ಒಂದೇ ಮನೆಯವರು ಒಂದು ವಾರ ಕೋಲಕ್ಕೆ ಹೋಗಿ ಮರುವಾರ ಕಳಿಯಾಟಕ್ಕೆ ಹೋಗುವುದು ಇಲ್ಲಿ ಹೊಸತೇನಲ್ಲ.

ದೊಡ್ಡ ಪಟ್ಟಣಗಳ ನಾಟಕ ಸಂಘಗಳು ವರ್ಷದ ಆರಂಭದಲ್ಲಿ ಒಂದು ಪ್ರಕಟಣೆ ಹೊರಡಿಸುವುದುಂಟು. ಈ ಸಲದ ನಾಟಕಗಳಲ್ಲಿ ಸಮಾಜದ ಅಂಚಿಗೆ ತಳ್ಳಲ್ಪಟ್ಟವರ ದನಿ ಕೇಳಿಸಲಿದೆ ಎಂದು ಅದರಲ್ಲಿ ಬರೆದಿರುತ್ತದೆ. ಅದು ಒಳ್ಳೆಯ ಕೆಲಸವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅಂಥ ಪ್ರಕಟಣೆ, ಟಿಕೆಟು, ಪರದೆ ಯಾವುದೂ ಇಲ್ಲದೆ ಶತಮಾನಗಳಿಂದ ಇದೇ ಕೆಲಸವನ್ನು ನಡೆಸಿಕೊಂಡು ಬಂದ ರಂಗಸ್ಥಳವೊಂದು ಈ ಊರುಗಳ ಗುತ್ತಿನ ಅಂಗಳದಲ್ಲೂ ಕಾವಿನ ಮರದಡಿಯಲ್ಲೂ ಇದೆ. ದೈವದ ಕಳವೇ ಆ ರಂಗಸ್ಥಳ. ಬರಲಿರುವ ಕೋಲದ ಕಾಲಕ್ಕೆ ಭಕ್ತರು ಮನಸ್ಸನ್ನು ಸಿದ್ಧಪಡಿಸಿಕೊಳ್ಳುವ ಈ ಹೊತ್ತಿನಲ್ಲಿ, ಅಲ್ಲಿ ಮಾತಾಡುವವರು ಯಾರು, ಅವರು ಹೇಳುವುದೇನು, ಕೈಮುಗಿದು ಕೇಳುವವರ ಮೇಲೆ ಬೀಳುವ ಹೊಣೆ ಏನು ಎಂಬುದನ್ನು ವಿಚಾರ ಮಾಡುವುದು ಉಚಿತವಾಗಿದೆ.

ಮೊದಲು ನಾಟಕರಂಗದ ಒಂದು ಉದಾಹರಣೆಯನ್ನು ನೋಡಬಹುದು. 1929ರಲ್ಲಿ ವಿ.ಟಿ. ಭಟ್ಟತಿರಿಪಾಡರು ‘ಅಡುಕ್ಕಳಯಿಲ್ ನಿನ್ನು ಅರಂಗತ್ತೇಕ್ಕ್’ ಎಂಬ ಮಲಯಾಳ ನಾಟಕವನ್ನು ಬರೆದು ಆಡಿಸಿದರು. ಅಡುಗೆಮನೆಯಿಂದ ರಂಗಕ್ಕೆ ಎಂದು ಆ ಹೆಸರಿನ ಅರ್ಥ. ನಂಬೂದಿರಿ ಮನೆತನಗಳ ಒಳಕೋಣೆಯಲ್ಲಿ ಕೊಡೆಯ ಮರೆಯಲ್ಲೇ ಬಾಳು ಸವೆಸುತ್ತಿದ್ದ ಅಂತರ್ಜನರ ಗೋಳನ್ನು ಅದು ಹೊರಜಗತ್ತಿಗೆ ತಿಳಿಸಿತು. ಬರೆದವರು ಪುರುಷರು. ಸುಮಾರು ಇಪ್ಪತ್ತು ವರ್ಷ ಕಳೆದು 1948ರಲ್ಲಿ ಅದೇ ಸಮುದಾಯದ ಸ್ತ್ರೀಯರು ‘ತೊಳಿಲ್ ಕೇಂದ್ರತ್ತಿಲೇಕ್ಕ್’ ಎಂಬ ನಾಟಕವನ್ನು ತಾವೇ ಕಟ್ಟಿ ತಾವೇ ಅಭಿನಯಿಸಿದರು. ಇನ್ನೊಬ್ಬರು ತಮ್ಮ ಪರವಾಗಿ ಮಾತಾಡುವುದಕ್ಕೂ ತಾವೇ ಎದ್ದು ನಿಂತು ಮಾತಾಡುವುದಕ್ಕೂ ಇರುವ ಅಂತರ ಈ ಎರಡು ನಾಟಕಗಳ ನಡುವಿನ ಅಂತರವೇ ಆಗಿದೆ.

ಕನ್ನಡದಲ್ಲೂ ಇಂಥ ಪ್ರಯತ್ನಗಳು ಕಡಿಮೆಯೇನಲ್ಲ. ಶಿವರಾಮ ಕಾರಂತರು 1933ರಲ್ಲಿ ‘ಚೋಮನ ದುಡಿ’ಯನ್ನು ಬರೆದರು. ಬಿ.ವಿ. ಕಾರಂತರು 1975ರಲ್ಲಿ ಅದನ್ನು ಚಲನಚಿತ್ರ ಮಾಡಿದರು. ತುಂಡು ಭೂಮಿಯನ್ನು ತನ್ನದೆಂದು ಉಳಬೇಕೆಂಬ ಆಸೆಯಲ್ಲೇ ಸತ್ತ ಚೋಮನ ಕತೆ ಓದಿದವರ ಕಣ್ಣಲ್ಲಿ ನೀರು ತರಿಸಿತು. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ದಲಿತರ ಹತ್ಯೆ ನಡೆದಾಗ ಸಮುದಾಯ ತಂಡದವರು ಅದನ್ನು ಬೀದಿನಾಟಕವಾಗಿ ಕರ್ನಾಟಕದ ಊರೂರಿಗೆ ಒಯ್ದರು. ಇವೆಲ್ಲ ಸ್ಮರಣೀಯ. ಆದರೂ ಇಲ್ಲಿ ನೊಂದವನ ಕತೆಯನ್ನು ಹೆಚ್ಚಾಗಿ ಬರೆದವರೂ ಆಡಿದವರೂ ಬೇರೆಯವರು.

ದೈವದ ಕಳದಲ್ಲಿ ಹಾಗಲ್ಲ. ಅಲ್ಲಿ ನೊಂದವರ ಕುಲದವನೇ ಬಣ್ಣ ಹಚ್ಚುತ್ತಾನೆ. ತುಳುನಾಡಿನಲ್ಲಿ ಪಂಬದ, ಪರವ, ನಲಿಕೆ, ಕೋಪಾಳ ಸಮುದಾಯದವರು, ಮಲಯಾಳದ ಕಡೆಯಲ್ಲಿ ವಣ್ಣಾನ್, ಮಲಯನ್, ವೇಲನ್, ಮಾವಿಲನ್, ಪುಲಯ ಮೊದಲಾದ ಸಮುದಾಯದವರು ಈ ಸೇವೆಗೆ ಹಕ್ಕುದಾರರು. ಇವರಲ್ಲಿ ಅನೇಕರನ್ನು ಹಿಂದಿನ ಕಾಲದಲ್ಲಿ ಮನೆಯ ಅಂಗಳಕ್ಕೂ ಸೇರಿಸುತ್ತಿರಲಿಲ್ಲ. ಅಂಥವನಿಗೆ ಕೋಲದ ದಿನ ಎಣ್ಣೆಬೂಳ್ಯ ಕೊಟ್ಟು ಕಟ್ಟುವಂತೆ ಕೇಳಿಕೊಳ್ಳುತ್ತಾರೆ. ಅವನು ವ್ರತ ಹಿಡಿದು, ಮಿಂದು, ಮುಖಕ್ಕೆ ಅರದಾಳ ಬಳಿದು, ತೆಂಗಿನ ತಿರಿಯ ಉಡುಗೆ ಉಟ್ಟು, ಬೆನ್ನಿಗೆ ಅಣಿ ಕಟ್ಟಿ, ಕಾಲಿಗೆ ಗಗ್ಗರ ತೊಟ್ಟು ಎದ್ದನೆಂದರೆ ಗುತ್ತಿನ ಯಜಮಾನನೂ ಊರ ಪಟೇಲನೂ ಕೈಮುಗಿದು ನಿಲ್ಲಬೇಕು. ದೈವವು ಯಜಮಾನನನ್ನು ಹೆಸರು ಹಿಡಿದು ಕರೆಯುತ್ತದೆ, ಲೆಕ್ಕ ಕೇಳುತ್ತದೆ. ಕೊಟ್ಟ ಮಾತಿಗೆ ತಪ್ಪಿದ್ದರೆ ಸಭೆಯ ನಡುವೆ ಎಚ್ಚರಿಸುತ್ತದೆ. ವರ್ಷವಿಡೀ ತಲೆ ತಗ್ಗಿಸಿ ನಿಂತ ಬಾಯಿ ಆ ಒಂದು ರಾತ್ರಿ ಊರಿಗೇ ಬುದ್ಧಿ ಹೇಳುತ್ತದೆ.

ಇದರಲ್ಲಿ ಹೆಂಗಸರ ಪಾಲನ್ನೂ ಮರೆಯಲಾಗದು. ತುಳುನಾಡಿನಲ್ಲಿ ದೈವ ಕಟ್ಟುವವನ ತಾಯಿಯೋ ಹೆಂಡತಿಯೋ ತೆಂಬರೆ ಹಿಡಿದು ಪಾಡ್ದನ ಹೇಳುತ್ತಾಳೆ. ದೈವದ ಹುಟ್ಟು, ಹಸಿವು, ಅವಮಾನ, ಮಾಯವಾದ ಬಗೆ ಎಲ್ಲವೂ ಆ ಹಾಡಿನಲ್ಲಿ ಬರುತ್ತದೆ. ಬಣ್ಣ ಹಚ್ಚುವ ಹಕ್ಕು ಬಹುಮಟ್ಟಿಗೆ ಗಂಡಸರದೇ. ಕಣ್ಣೂರು ಜಿಲ್ಲೆಯ ತೆಕ್ಕುಂಬಾಡಿನಲ್ಲಿ ನಡೆಯುವ ದೇವಕ್ಕೂತ್ತನ್ನು ಮಾತ್ರ ಸ್ತ್ರೀಯೊಬ್ಬಳು ಕಟ್ಟುತ್ತಾಳೆ. ಆದರೆ ಕತೆಯನ್ನು ನೆನಪಿನಲ್ಲಿಟ್ಟು ತಲೆಮಾರಿನಿಂದ ತಲೆಮಾರಿಗೆ ದಾಟಿಸುವುದರಲ್ಲಿ ಮನೆಯ ಹೆಣ್ಣುಮಕ್ಕಳ ಪಾಲು ಬಹಳ ದೊಡ್ಡದು.

ಭಕ್ತಬಾಂಧವರೇ, ಈ ಕಳದಲ್ಲಿ ಹೇಳುವ ಮಾತು ಎಂಥದೆಂಬುದಕ್ಕೆ ಪೊಟ್ಟನ್ ತೆಯ್ಯಂಗಿಂತ ಒಳ್ಳೆಯ ನಿದರ್ಶನ ಬೇರೊಂದು ಸಿಗಲಾರದು. ಪೊಟ್ಟ ಎಂದರೆ ಕಿವುಡನೋ ಮೂಗನೋ ಬುದ್ಧಿ ಸಾಲದವನೋ ಎಂದು ತುಳುವಿನಲ್ಲೂ ಮಲಯಾಳದಲ್ಲೂ ಅರ್ಥ. ಆ ಹೆಸರು ಹೊತ್ತ ತೆಯ್ಯವೇ ಎಲ್ಲರಿಗಿಂತ ಹೆಚ್ಚು ಮಾತಾಡುವುದು, ಎಲ್ಲರಿಗಿಂತ ದೊಡ್ಡ ಜ್ಞಾನದ ಮಾತಾಡುವುದು ಎಂಬುದೇ ಅದರ ವಿಶೇಷ.

ತೋಟ್ಟಂ ಹಾಡಿನ ಕತೆ ಹೀಗಿದೆ. ಶಂಕರಾಚಾರ್ಯರು ಸರ್ವಜ್ಞಪೀಠವನ್ನೇರಲು ಹೊರಟಿದ್ದಾರೆ. ಇಕ್ಕಟ್ಟಾದ ದಾರಿಯಲ್ಲಿ ಪುಲಯನೊಬ್ಬ ಎದುರಾಗುತ್ತಾನೆ. ದಾರಿ ಬಿಡು ಎಂದು ಆಚಾರ್ಯರು ಹೇಳುತ್ತಾರೆ. ಅವನು ಕದಲುವುದಿಲ್ಲ. ಕಂಕುಳಲ್ಲಿ ಮಗುವಿದೆ, ತಲೆಯ ಮೇಲೆ ಹೊರೆಯಿದೆ, ಎರಡೂ ಬದಿಗೆ ಮುಳ್ಳಿದೆ, ಹೀಗಿರುವಾಗ ಯಾವ ಕಡೆಗೆ ಸರಿಯಲಿ ಎಂದು ಮೊದಲು ಕೇಳುತ್ತಾನೆ. ಅದು ಬಡವನ ಪ್ರಶ್ನೆ. ಬಳಿಕ ಅವನ ಮಾತು ಆಳಕ್ಕೆ ಇಳಿಯುತ್ತದೆ. ಇಬ್ಬರ ಮೈ ಕೊಯ್ದರೂ ಬರುವುದು ಒಂದೇ ಬಣ್ಣದ ನೆತ್ತರಾದರೆ ಕುಲದ ಜಗಳ ಯಾಕೆ ಎನ್ನುತ್ತಾನೆ. ತನ್ನವರು ಕಸದ ಗುಂಡಿಯ ಬಳಿ ನೆಟ್ಟ ಬಾಳೆಯ ಹಣ್ಣೇ ಅಲ್ಲವೇ ದೇವರ ನೈವೇದ್ಯಕ್ಕೆ ಹೋಗುವುದು ಎಂದು ನೆನಪಿಸುತ್ತಾನೆ. ಆಚಾರ್ಯರಿಗೆ ಬೆಳಕು ಮೂಡುತ್ತದೆ. ಎದುರಿಗೆ ನಿಂತವನು ಸಾಕ್ಷಾತ್ ಪರಮೇಶ್ವರನೆಂದು ತಿಳಿದು ನಮಸ್ಕರಿಸುತ್ತಾರೆ.

ಇದು ಹಾಡುಗಾರರು ಎಲ್ಲಿಂದಲೋ ಕಟ್ಟಿ ತಂದ ಕತೆ ಎಂದು ಯಾರೂ ತಳ್ಳಿಹಾಕುವಂತಿಲ್ಲ. ಕಾಶಿಯಲ್ಲಿ ಆಚಾರ್ಯರಿಗೆ ಚಂಡಾಲನೊಬ್ಬ ಎದುರಾದದ್ದು, ದೂರ ಸರಿಯಬೇಕಾದದ್ದು ದೇಹವೋ ಆತ್ಮವೋ ಎಂದು ಅವನು ಕೇಳಿದ್ದು, ಅರಿವುಳ್ಳವನು ಯಾವ ಕುಲದವನಾದರೂ ತನಗೆ ಗುರುವೇ ಎಂದು ಆಚಾರ್ಯರು ಒಪ್ಪಿದ್ದು ಮನೀಷಾಪಂಚಕದ ಹಿನ್ನೆಲೆಯಾಗಿ ಮಠಮಂದಿರಗಳಲ್ಲೂ ಪ್ರಸಿದ್ಧವಾಗಿದೆ. ಸಂಸ್ಕೃತದಲ್ಲಿ ಪಂಡಿತರು ಪಠಿಸುವುದನ್ನೇ ತೆಯ್ಯವು ಹೊಲಗದ್ದೆಯ ಆಡುಮಾತಿನಲ್ಲಿ ಹೇಳುತ್ತದೆ. ಆಚಾರ್ಯರ ಹಿರಿಮೆಗೆ ಇದರಿಂದ ಕುಂದು ಬರುವುದಿಲ್ಲ. ಎದುರಿನವನ ಮಾತು ಸರಿಯೆಂದು ಕಂಡೊಡನೆ ಬಾಗಿದ್ದೇ ಅವರ ದೊಡ್ಡತನ. ವಾದದಲ್ಲಿ ಸೋತು ನಮಸ್ಕರಿಸಬಲ್ಲ ವಿದ್ವಾಂಸರು ಯಾವ ಕಾಲದಲ್ಲೂ ವಿರಳ.

ಮಾತು ಮುಗಿದ ಮೇಲೆ ಪೊಟ್ಟನ್ ತೆಯ್ಯಂ ಬೆಂಕಿಯ ಕಡೆಗೆ ತಿರುಗುತ್ತದೆ. ಮರದ ದಿಮ್ಮಿಗಳನ್ನು ಒಟ್ಟಿ ಉರಿಸಿ ಮಾಡಿದ ಕೆಂಡದ ರಾಶಿಗೆ ಮೇಲೇರಿ ಎಂದು ಹೆಸರು. ತೆಂಗಿನ ಎಳೆಗರಿಯ ಉಡುಗೆ ಉಟ್ಟ, ಹಾಳೆಯ ಮುಖವಾಡ ತೊಟ್ಟ ಕೋಲಧಾರಿ ಆ ಕೆಂಡದ ಮೇಲೆ ಒರಗುತ್ತಾನೆ, ಮಲಗುತ್ತಾನೆ, ಮೈ ಕೊರೆಯುವ ಚಳಿ ಎಂದು ಹಾಸ್ಯ ಮಾಡುತ್ತಾನೆ. ನೋಡುವವರು ನಗುತ್ತಾರೆ. ಕೆಂಡದ ಮೇಲೆ ಮಲಗಿ ಚಳಿ ಎನ್ನುವವನ ಮಾತಿನೊಳಗೆ, ಬದುಕಿನಲ್ಲಿ ಅವನ ಹಿರಿಯರು ಉಂಡ ಬೆಂಕಿ ಎಷ್ಟಿರಬಹುದೆಂದು ಯೋಚಿಸಿದರೆ ಮಾತ್ರ ನಗು ನಿಲ್ಲುತ್ತದೆ.

ಇನ್ನು ತುಳುನಾಡಿನ ಪಾಡ್ದನಗಳನ್ನು ನೋಡಬೇಕು. ಕಾರ್ಕಳದ ಗೊಮ್ಮಟನನ್ನು 1432ರಲ್ಲಿ ವೀರಪಾಂಡ್ಯ ಅರಸ ಪ್ರತಿಷ್ಠೆ ಮಾಡಿಸಿದ. ಚರಿತ್ರೆಯಲ್ಲಿ ಅವನ ಹೆಸರಿದೆ. ಕೆತ್ತಿದವನ ಅಳಲು ಉಳಿದದ್ದು ಪಾಡ್ದನದಲ್ಲಿ. ಇಷ್ಟು ಚೆಲುವಾದ ಮೂರ್ತಿಯನ್ನು ಈ ಶಿಲ್ಪಿ ಇನ್ನೊಂದೆಡೆ ಕೆತ್ತಬಾರದೆಂದು ಅರಸನು ಕಲ್ಕುಡನ ಒಂದು ಕೈ, ಒಂದು ಕಾಲು ಕಡಿಸಿದನಂತೆ. ಕಲ್ಕುಡ ಉಳಿದ ಕೈಯಲ್ಲೇ ವೇಣೂರಿನ ಗೊಮ್ಮಟನನ್ನು ಕೆತ್ತಿದನಂತೆ. ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿ ಕಲ್ಲುರ್ಟಿ ಅವನ ಸ್ಥಿತಿ ಕಂಡು ಉರಿದೆದ್ದಳು. ಅಣ್ಣತಂಗಿ ಇಬ್ಬರೂ ಮಾಯವಾಗಿ ದೈವಗಳಾಗಿ ಅರಸನನ್ನು ಕಾಡಿದರು. ವೇಣೂರಿನ ಮೂರ್ತಿ ನಿಂತದ್ದು 1604ರಲ್ಲಿ. ಎರಡು ಮೂರ್ತಿಗಳ ನಡುವೆ 172 ವರ್ಷಗಳ ಅಂತರವಿರುವುದರಿಂದ ಒಬ್ಬನೇ ಎರಡನ್ನೂ ಕೆತ್ತಿರಲಾರ ಎಂದು ಲೆಕ್ಕ ಹಾಕುವವರು ಹೇಳಬಹುದು. ಲೆಕ್ಕ ಸರಿಯೇ. ಆದರೆ ಪಾಡ್ದನವು ಬರೆದಿಟ್ಟದ್ದು ಇಸವಿಯನ್ನಲ್ಲ, ದುಡಿದವನಿಗೆ ಕೂಲಿಯ ಬದಲು ಸಿಕ್ಕಿದ ಅನ್ಯಾಯವನ್ನು. ಇಂದು ಕಲ್ಲುರ್ಟಿಗೆ ಅಗೆಲು ಹಾಕದ ಮನೆ ತುಳುನಾಡಿನಲ್ಲಿ ಎಷ್ಟಿದೆ? ಅರಸನ ಅರಮನೆ ಎಲ್ಲಿದೆ?

ಕೊರಗತನಿಯನ ಕತೆಯೂ ಅಂಥದೇ. ಏಳು ಮಂದಿ ಹೊರಬೇಕಾದ ಹೊರೆಯನ್ನು ಒಬ್ಬನೇ ಹೊತ್ತು ದೇವಸ್ಥಾನಕ್ಕೆ ತಂದ ಕೊರಗರ ಹುಡುಗ ಅವನು. ಹೊರೆ ಬೇಕಾಯಿತು, ಹೊತ್ತವನು ಬೇಡವಾದ. ಹೊರಗೆ ನಿಲ್ಲಿಸಲ್ಪಟ್ಟವನು ಅಲ್ಲಿಯೇ ಮಾಯವಾಗಿ ದೈವವಾದ. ಇಂದು ಕೊರಗಜ್ಜ ಎಂದು ಕರೆದು ಎಲ್ಲ ಜಾತಿಯವರೂ, ಅನ್ಯ ಮತದವರೂ ಚಕ್ಕುಲಿ, ವೀಳ್ಯದೆಲೆ ಹರಕೆ ಹೇಳುತ್ತಾರೆ. ಕಳೆದುಹೋದ ಆಭರಣ ಸಿಗಲೆಂದು, ಕಾಯಿಲೆ ಗುಣವಾಗಲೆಂದು ಅವನಲ್ಲಿ ಮೊರೆಯಿಡುತ್ತಾರೆ.

ಹೆಣ್ಣಿನ ದನಿಗೆ ಮುಚ್ಚಿಲೋಟ್ಟು ಭಗವತಿಯ ಕತೆ ಸಾಕ್ಷಿ. ಶಾಸ್ತ್ರಚರ್ಚೆಯಲ್ಲಿ ವಿದ್ವಾಂಸರನ್ನು ಸೋಲಿಸಿದ ಬ್ರಾಹ್ಮಣ ಕನ್ಯೆಗೆ ಅಪವಾದ ಹೊರಿಸಿ ಹೊರಹಾಕಿದರು. ಅವಳು ಬೆಂಕಿಗೆ ಬಿದ್ದಳು. ಅವಳ ಚಿತೆಗೆ ಎಣ್ಣೆ ಎರೆದವನು ಗಾಣದ ವಾಣಿಯ. ಇಂದು ವಾಣಿಯ ಸಮುದಾಯದವರ ಕುಲದೇವತೆ ಅವಳು. ಅವಳ ಪೆರುಂಕಳಿಯಾಟಕ್ಕೆ ಸೇರುವ ಜನಸಾಗರವನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅಂಚಿಗೆ ತಳ್ಳಲ್ಪಟ್ಟವರು ಒಂದು ಜಾತಿಯವರು ಮಾತ್ರ ಅಲ್ಲ, ಯಾವ ಮನೆಯಲ್ಲೂ ಇರಬಹುದೆಂದು ಈ ಕತೆ ಎಚ್ಚರಿಸುತ್ತದೆ.

ಇಷ್ಟು ಹೇಳಿ ಮುಗಿಸಿದರೆ ಹೆಮ್ಮೆಯ ಭಾಷಣವಾದೀತು. ಆದರೆ ಕಹಿಯಾದ ಒಂದು ಪ್ರಶ್ನೆಯನ್ನು ಬಿಟ್ಟುಹೋಗುವುದು ಸರಿಯಲ್ಲ. ಇಷ್ಟು ಶತಮಾನ ಪೊಟ್ಟನ ಮಾತನ್ನು ಕೈಮುಗಿದು ಕೇಳಿದ ಊರುಗಳಲ್ಲಿ ಬೆಳಗಾದ ಮೇಲೆ ಏನು ಬದಲಾಯಿತು? ರಾತ್ರಿ ದೈವವಾಗಿ ಗಂಧಪ್ರಸಾದ ಕೊಟ್ಟವನೇ ಮರುದಿನ ದಾರಿಯಲ್ಲಿ ಎದುರಾದಾಗ ದೂರ ಸರಿಯಬೇಕಾಗಿತ್ತು. ಅವನ ಬಾಯಿಂದ ನೆತ್ತರಿನ ಬಣ್ಣದ ಮಾತು ಕೇಳಿದವರೇ ಅವನಿಗೆ ಬಾವಿಯ ನೀರು ಕೊಡಲಿಲ್ಲ. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮದರಾಸು ಆಡಳಿತದಲ್ಲಿತ್ತು. ದೇವಸ್ಥಾನದ ಬಾಗಿಲು ಎಲ್ಲರಿಗೂ ತೆರೆಯಬೇಕಾದರೆ ಮದರಾಸಿನ ದೇವಾಲಯ ಪ್ರವೇಶ ಕಾನೂನು 1947ರಲ್ಲಿ ಬರಬೇಕಾಯಿತು. ಅಸ್ಪೃಶ್ಯತೆ ಅಪರಾಧವೆಂದು ಸಂವಿಧಾನ ಹೇಳಬೇಕಾಯಿತು.

ಕೊರಗತನಿಯನಿಗೆ ಹರಕೆ ಹೇಳುವ ನಾಡಿನಲ್ಲೇ ಕೊರಗರಿಗೆ ಅಜಲು ಎಂಬ ಪದ್ಧತಿಯಿತ್ತು. ಬೇರೆಯವರ ಅನಿಷ್ಟ ಕಳೆಯಲೆಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ಉಣ್ಣಿಸುವ ಕ್ರೂರ ಸಂಪ್ರದಾಯ ಅದು. ಅದನ್ನು ನಿಲ್ಲಿಸಲು ಕರ್ನಾಟಕದಲ್ಲಿ 2000ನೇ ಇಸವಿಯಲ್ಲಿ ಕಾನೂನು ಮಾಡಬೇಕಾಯಿತು. ಸತ್ತು ದೈವವಾದ ಕೊರಗನಿಗೆ ಚಕ್ಕುಲಿ, ಬದುಕಿರುವ ಕೊರಗನಿಗೆ ಎಂಜಲು ಎಂಬ ಲೆಕ್ಕವನ್ನು ಯಾವ ದೇವರು ಒಪ್ಪಿಯಾನು?

ವ್ಯಾಪಾರದಲ್ಲಿ ಒಂದು ನಿಯಮವಿದೆ. ತಕ್ಕಡಿಗೆ ಗಿರಾಕಿಯ ಜಾತಿ ಗೊತ್ತಿಲ್ಲ. ಕಲ್ಲು ಎಷ್ಟೋ ಸರಕು ಅಷ್ಟೇ. ಕಡದ ಪುಸ್ತಕದಲ್ಲಿ ಬರೆದಿಟ್ಟ ಬಾಕಿ ವರ್ಷ ಕಳೆದರೂ ಅಳಿಯುವುದಿಲ್ಲ. ಕೋಲದ ರಾತ್ರಿ ದೈವದ ಮುಂದೆ ಒಪ್ಪಿಕೊಂಡ ಮಾತು ಕೂಡ ಒಂದು ಕಡ. ಮರುದಿನ ಅದನ್ನು ತೀರಿಸದಿದ್ದರೆ ಮುಂದಿನ ವರ್ಷದ ಕೋಲಕ್ಕೆ ಅದು ಬಡ್ಡಿ ಸಮೇತ ಎದುರು ನಿಲ್ಲುತ್ತದೆ.

ಈಗ ಕಾಲ ಬದಲಾಗಿದೆ, ಅಂಥ ಭೇದವೆಲ್ಲ ಎಲ್ಲಿದೆ ಎಂದು ಕೇಳುವವರಿದ್ದಾರೆ. ಬಹಳಷ್ಟು ಬದಲಾಗಿದೆ ಎಂಬುದು ನಿಜ. 2022ರಲ್ಲಿ ‘ಕಾಂತಾರ’ ಚಲನಚಿತ್ರ ಬಂದ ಮೇಲೆ ದೈವಾರಾಧನೆಯ ಹೆಸರು ದೇಶದ ಮೂಲೆಮೂಲೆಗೆ ತಲಪಿತು. ಅದೇ ವರ್ಷ ಕರ್ನಾಟಕ ಸರಕಾರ 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನವನ್ನು ಪ್ರಕಟಿಸಿತು. ಕೇರಳದಲ್ಲಿ ಜಾನಪದ ಅಕಾಡೆಮಿ 1995ರಲ್ಲೇ ಕಣ್ಣೂರಿನಲ್ಲಿ ಆರಂಭವಾಗಿದೆ. ಇವೆಲ್ಲ ಸಂತೋಷದ ಸಂಗತಿಗಳು. ಆದರೆ ಹೆಸರಿನ ಜೊತೆಗೆ ಇನ್ನೊಂದು ಕೇಡು ಬಂದಿದೆ. ದೈವದ ಕೂಗನ್ನು, ಕುಣಿತವನ್ನು ಮದುವೆಯ ಔತಣದಲ್ಲಿ, ಕಾಲೇಜಿನ ವೇದಿಕೆಯಲ್ಲಿ, ಮೊಬೈಲಿನ ರೀಲುಗಳಲ್ಲಿ ಅಣಕಿಸುವವರು ಹೆಚ್ಚಾದರು. ವೇಷವನ್ನು ಹೊತ್ತೊಯ್ದರು, ಮಾತನ್ನು ಬಿಟ್ಟುಹೋದರು. ದನಿಯಿಲ್ಲದವರ ದನಿ ಎಂಬುದು ಬರೇ ಗಂಟಲಿನ ಗದ್ದಲವಾಯಿತು.

ಕೋಲ ಕಟ್ಟುವವರ ಬದುಕೂ ಹೊರಗಿನವರು ಎಣಿಸಿದಷ್ಟು ಸುಲಭದ್ದಲ್ಲ. ವಿಲಿಯಂ ಡಾಲ್ರಿಂಪಲ್ ಎಂಬ ಲೇಖಕರು 2009ರಲ್ಲಿ ಹೊರತಂದ ‘ನೈನ್ ಲೈವ್ಸ್’ ಎಂಬ ಇಂಗ್ಲಿಷ್ ಪುಸ್ತಕದಲ್ಲಿ ತೆಯ್ಯಂ ಕಲಾವಿದರೊಬ್ಬರ ವೃತ್ತಾಂತವಿದೆ. ತೆಯ್ಯಂ ಇಲ್ಲದ ತಿಂಗಳುಗಳಲ್ಲಿ ಅವರು ವಾರದ ದಿನಗಳಲ್ಲಿ ಬಾವಿ ತೋಡುತ್ತಾರೆ, ವಾರದ ಕೊನೆಗೆ ಜೈಲಿನ ಕಾವಲುಗಾರರಾಗಿ ದುಡಿಯುತ್ತಾರೆ. ಈ ನಾಡಿನಲ್ಲೂ ಬೀಡಿ ಕಟ್ಟಿ, ಕೂಲಿಗೆ ಹೋಗಿ, ಬುಟ್ಟಿ ಹೆಣೆದು ಮಳೆಗಾಲ ಕಳೆಯುವ ಕಲಾವಿದರಿದ್ದಾರೆ. ಭಾರದ ಅಣಿ ಹೊತ್ತ ಬೆನ್ನು, ಕೆಂಡಕ್ಕೊಡ್ಡಿದ ಮೈ, ನಿದ್ದೆಯಿಲ್ಲದ ರಾತ್ರಿಗಳು ಐವತ್ತು ದಾಟುವಾಗ ತಮ್ಮ ಬಾಕಿ ಕೇಳದೆ ಬಿಡುವುದಿಲ್ಲ. ಅಪ್ಪನ ಕಷ್ಟ ಕಂಡ ಮಗ ಓದಿ ನೌಕರಿ ಹಿಡಿದರೆ ಅವನನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಸಂಪ್ರದಾಯ ಉಳಿಯಬೇಕೆಂದು ಹೇಳುವವರು ಮೊದಲು ಸಂಪ್ರದಾಯವನ್ನು ಹೊರುವವನು ಉಳಿಯುವಂತೆ ನೋಡಿಕೊಳ್ಳಬೇಕು.

ಇದು ದೈವಕಾರ್ಯ, ನಾಟಕವಲ್ಲ, ಇದರಲ್ಲಿ ಸಮಾಜದ ಮಾತು ಯಾಕೆ ಎಂದು ಆಕ್ಷೇಪಿಸುವ ಹಿರಿಯರೂ ಇದ್ದಾರೆ. ಅವರ ಭಕ್ತಿಗೆ ನಮಸ್ಕಾರ. ದೈವಕಾರ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ದೈವ ಬಾಯಿ ತೆರೆದು ಹೇಳಿದ್ದೇ ಸಮಾಜದ ಮಾತನ್ನಾದರೆ ಅದನ್ನು ಕೇಳಿಸಿಕೊಳ್ಳುವುದೂ ಭಕ್ತಿಯ ಭಾಗವಲ್ಲವೇ? ಪ್ರಸಾದವನ್ನು ಮಾತ್ರ ತೆಗೆದುಕೊಂಡು ನುಡಿಯನ್ನು ಅಲ್ಲಿಯೇ ಬಿಟ್ಟು ಬರುವುದು ಅರ್ಧ ಭಕ್ತಿ. ಇವೆಲ್ಲ ಮೂಢನಂಬಿಕೆ, ನಿಲ್ಲಿಸಿಬಿಡಿ ಎನ್ನುವ ವಿದ್ಯಾವಂತರಿಗೂ ಒಂದು ಉತ್ತರವಿದೆ. ಬಡವನ ಮಗ ಊರ ಯಜಮಾನನನ್ನು ಎಲ್ಲರೆದುರು ಪ್ರಶ್ನೆ ಕೇಳಬಹುದಾದ ಇನ್ನೊಂದು ಜಾಗ ಆ ಕಾಲದಲ್ಲಿ ಎಲ್ಲಿತ್ತು? ಅದನ್ನು ಕಿತ್ತುಹಾಕುವ ಬದಲು ಅಲ್ಲಿ ಕೇಳಿದ ಪ್ರಶ್ನೆಗೆ ಹಗಲು ಉತ್ತರ ಕೊಡುವುದು ಮೇಲು.

ಹಾಗಾದರೆ ಉತ್ಸವ ಸಮಿತಿಗಳು ಮಾಡಬೇಕಾದ್ದೇನು? ದೊಡ್ಡ ಮಾತುಗಳಿಗಿಂತ ಸಣ್ಣ ಕೆಲಸಗಳು ಲೇಸು.

ಮೊದಲನೆಯದು ಲೆಕ್ಕ. ಹಬ್ಬದ ಖರ್ಚಿನ ಪಟ್ಟಿಯನ್ನು ಬಿಚ್ಚಿದರೆ ಸಿಡಿಮದ್ದು, ದೀಪಾಲಂಕಾರ, ಫ್ಲೆಕ್ಸು, ಗಾನಮೇಳ ಎಂದು ಸಾಲುಗಳು ಕಾಣುತ್ತವೆ. ರಾತ್ರಿಯಿಡೀ ದುಡಿದ ಕೋಲಧಾರಿ, ಹಿಮ್ಮೇಳದವರು, ಪಾಡ್ದನ ಹೇಳಿದ ತಾಯಿ ಇವರ ಪಾಲು ಆ ಪಟ್ಟಿಯಲ್ಲಿ ಎಷ್ಟನೆಯ ಸಾಲಿನಲ್ಲಿದೆ ಎಂದು ಸಮಿತಿಯವರು ನೋಡಿಕೊಳ್ಳಬೇಕು. ಹೇಳಿದ ಸಂಭಾವನೆಯನ್ನು ಹೇಳಿದ ದಿನವೇ, ಕಾಯಿಸದೆ, ವೀಳ್ಯದೊಂದಿಗೆ ಎರಡು ಕೈಯಿಂದ ಕೊಡಬೇಕು. ಕೊಡುವಾಗ ಧರ್ಮ ಮಾಡಿದ ಭಾವನೆ ಇರಬಾರದು. ಅದು ಅವರ ಹಕ್ಕು.

ಎರಡನೆಯದು ಜಾಗ. ಬಣ್ಣ ಹಚ್ಚುವ ಚಪ್ಪರ ಎಂದರೆ ನಾಲ್ಕು ಮಡಲು ಕಟ್ಟಿದ ಮೂಲೆ ಎಂಬ ರೂಢಿ ಹೋಗಬೇಕು. ಬೆಳಕು, ಗಾಳಿ, ಕುಡಿಯುವ ನೀರು, ಶೌಚಾಲಯ, ಕೋಲ ಮುಗಿದ ಮೇಲೆ ಮೈ ಚಾಚಲು ಒಂದು ಚಾಪೆ ಇಷ್ಟಾದರೂ ಬೇಕು. ಹೆಂಗಸರಿಗೆ ಬೇರೆ ಮರೆ ಬೇಕು. ಬೆಂಕಿಯ ಸೇವೆಯಿರುವಲ್ಲಿ ವೈದ್ಯರೊಬ್ಬರು ಹತ್ತಿರವಿರಬೇಕು, ಕಲಾವಿದರ ಹೆಸರಿನಲ್ಲಿ ವಿಮೆ ಇರಬೇಕು. ಚಪ್ಪರದೊಳಗೆ ಮೊಬೈಲು ಹಿಡಿದು ನುಗ್ಗುವವರನ್ನು ಸ್ವಯಂಸೇವಕರು ತಡೆಯಬೇಕು.

ಮೂರನೆಯದು ಊಟ. ಅನ್ನದಾನವಿರುವ ಕಡೆ ಕೋಲಧಾರಿಗೂ ಅವನ ಮನೆಯವರಿಗೂ ಎಲ್ಲರ ಪಂಕ್ತಿಯಲ್ಲೇ ಎಲೆ ಹಾಕಬೇಕು. ಊಟವನ್ನು ಪೊಟ್ಟಣ ಕಟ್ಟಿ ಹಿಂದಿನ ಬಾಗಿಲಿನಿಂದ ಕೊಟ್ಟು ಕಳುಹಿಸುವುದು ಕೊರಗತನಿಯನನ್ನು ಮತ್ತೊಮ್ಮೆ ಹೊರಗೆ ನಿಲ್ಲಿಸಿದಂತೆ.

ನಾಲ್ಕನೆಯದು ಹೆಸರು. ಸ್ಮರಣ ಸಂಚಿಕೆಗಳಲ್ಲಿ ದಾನಿಗಳ ಪಟ್ಟಿ ಹತ್ತಾರು ಪುಟ ಬರುತ್ತದೆ. ಅದು ಬೇಕಾದ್ದೇ. ಅದರ ಜೊತೆಗೆ ಆ ವರ್ಷ ದೈವ ಕಟ್ಟಿದವರ, ಪಾಡ್ದನ ಹೇಳಿದವರ, ವಾದ್ಯ ಬಾರಿಸಿದವರ ಹೆಸರುಗಳನ್ನೂ ಅವರ ಒಪ್ಪಿಗೆ ಪಡೆದು ಗೌರವದಿಂದ ಮುದ್ರಿಸಬೇಕು. ವಯಸ್ಸಾದವರ ಬಾಯಲ್ಲಿರುವ ಪಾಡ್ದನಗಳನ್ನು ಕೇಳಿ ಬರೆದಿಡಲು ಊರ ಶಾಲೆಯ ಅಧ್ಯಾಪಕರು ಮನಸ್ಸು ಮಾಡಬೇಕು. ಡಾ. ಬಿ.ಎ. ವಿವೇಕ ರೈ, ಡಾ. ಕೆ. ಚಿನ್ನಪ್ಪ ಗೌಡ, ಡಾ. ಅಮೃತ ಸೋಮೇಶ್ವರರಂಥ ವಿದ್ವಾಂಸರು ತುಳುನಾಡಿನಲ್ಲಿ ಈ ಕೆಲಸಕ್ಕೆ ದಾರಿ ಮಾಡಿಕೊಟ್ಟಿದ್ದಾರೆ. ಅವರು ಹಾಕಿಕೊಟ್ಟ ದಾರಿಯಲ್ಲಿ ಪ್ರತಿಯೊಂದು ಊರೂ ಒಂದು ಹೆಜ್ಜೆ ಇಟ್ಟರೂ ಎಷ್ಟೋ ಕತೆಗಳು ಉಳಿದಾವು.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಮರುದಿನ. ಕೋಲದ ಮರುದಿನ ಅದೇ ವ್ಯಕ್ತಿ ಅಂಗಡಿಗೆ, ಬ್ಯಾಂಕಿಗೆ, ಶಾಲೆಗೆ, ಪಂಚಾಯತು ಕಚೇರಿಗೆ ಬರುತ್ತಾನೆ. ಆಗ ಅವನ ಮುಖದಲ್ಲಿ ಅರದಾಳವಿಲ್ಲ, ಕಾಲಲ್ಲಿ ಗಗ್ಗರವಿಲ್ಲ. ಅವನ ಮಾತಿಗೆ ಆಗ ಸಿಗುವ ಗೌರವವೇ ಊರಿನ ನಿಜವಾದ ಭಕ್ತಿಗೆ ಅಳತೆಗೋಲು. ಅವನನ್ನು ಏಕವಚನದಲ್ಲಿ ಕರೆಯುವ ಬಾಯಿ ಹಿಂದಿನ ರಾತ್ರಿ ಸ್ವಾಮೀ ಎಂದು ಕರೆದಿತ್ತೆಂಬ ನೆನಪು ಇರಬೇಕು. ಸಮಿತಿಯ ಸಭೆಗಳಲ್ಲಿ ಅವನಿಗೂ ಒಂದು ಕುರ್ಚಿ ಇರಬೇಕು, ದಿನ ನಿಗದಿ ಮಾಡುವಾಗ ಅವನ ಅಭಿಪ್ರಾಯ ಕೇಳಬೇಕು.

ಗಡಿನಾಡಿನ ಕನ್ನಡ ಮನೆಗಳಿಗೆ ಈ ಮಾತು ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ತಮ್ಮ ಭಾಷೆಯಲ್ಲಿ ಅರ್ಜಿ ಕೊಟ್ಟರೆ ಉತ್ತರ ಸಿಗಬೇಕು, ಮಕ್ಕಳಿಗೆ ಕನ್ನಡ ಬಲ್ಲ ಅಧ್ಯಾಪಕರು ಸಿಗಬೇಕು ಎಂದು ಇಲ್ಲಿನ ಕನ್ನಡಿಗರು ಕೇಳುತ್ತಲೇ ಬಂದಿದ್ದಾರೆ. ಹೇಳಿದ್ದು ಕೇಳಿಸದೆ ಹೋದಾಗ ಆಗುವ ಸಂಕಟ ಅವರಿಗೆ ಹೊಸತಲ್ಲ. ತಮ್ಮ ದನಿಯನ್ನು ಸರಕಾರ ಕೇಳಬೇಕೆನ್ನುವವರು ತಮ್ಮ ಅಂಗಳದಲ್ಲೇ ನಿಂತವನ ದನಿಗೆ ಕಿವುಡಾದರೆ ಆ ಬೇಡಿಕೆಗೆ ತೂಕ ಉಳಿಯುವುದಿಲ್ಲ. ಪೊಟ್ಟನ್ ತೆಯ್ಯಂ ಮಲಯಾಳದಲ್ಲಿ ಹೇಳುತ್ತದೆ, ಕಲ್ಲುರ್ಟಿಯ ಪಾಡ್ದನ ತುಳುವಿನಲ್ಲಿದೆ, ಚೋಮನ ಕತೆ ಕನ್ನಡದಲ್ಲಿದೆ. ಮೂರು ಭಾಷೆಗಳೂ ತಿಳಿಯುವ ಭಾಗ್ಯ ಈ ಮಣ್ಣಿನ ಜನರದು. ಮೂರರಲ್ಲೂ ಒಂದೇ ಮಾತು ಕೇಳಿಬರುತ್ತಿದ್ದರೆ ಗೊತ್ತಾಗಲಿಲ್ಲವೆಂದು ಹೇಳಿ ತಪ್ಪಿಸಿಕೊಳ್ಳಲು ಇವರಿಗೆ ದಾರಿಯಿಲ್ಲ.

ಬಂಧುಗಳೇ, ಇನ್ನು ಸ್ವಲ್ಪವೇ ದಿನಗಳಲ್ಲಿ ಭಂಡಾರ ಏರುತ್ತದೆ, ತೆಂಬರೆಯ ಸದ್ದು ಕೇಳುತ್ತದೆ, ಕಾವುಗಳಲ್ಲಿ ಚೆಂಡೆ ಮೊಳಗುತ್ತದೆ. ತಾವೆಲ್ಲರೂ ಕುಟುಂಬ ಸಮೇತ ಹೋಗಿ ಗಂಧಪ್ರಸಾದ ಸ್ವೀಕರಿಸುವಿರಿ. ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಬಣ್ಣ, ಬೆಂಕಿ, ಕುಣಿತ ನೋಡಿ ಅವರು ಬೆರಗಾಗಲಿ. ಮನೆಗೆ ಮರಳುವ ದಾರಿಯಲ್ಲಿ ಆ ದೈವ ಹಿಂದೆ ಯಾರಾಗಿತ್ತು, ಯಾಕೆ ಮಾಯವಾಯಿತು, ಇಂದು ರಾತ್ರಿ ಏನು ಹೇಳಿತು ಎಂದು ಅವರಿಗೆ ತಿಳಿಸಿ ಹೇಳಬೇಕು. ಮರುದಿನ ಕೋಲಧಾರಿ ಎದುರಾದರೆ ಆ ಮಕ್ಕಳೇ ಮುಂದೆ ಹೋಗಿ ಮಾತಾಡಿಸುವಂತಾದರೆ ಆ ವರ್ಷದ ಕೋಲ ಸಾರ್ಥಕವಾಯಿತೆಂದು ತಿಳಿಯಬಹುದು.

ಕ್ಷೇತ್ರದ ಅಧಿದೇವತೆಯೂ ಪರಿವಾರ ದೈವಗಳೂ ಊರ ಸಮಸ್ತರಿಗೆ ಸನ್ಮಂಗಳವನ್ನುಂಟುಮಾಡಲಿ, ಕೇಳುವ ಕಿವಿಯನ್ನು ಕರುಣಿಸಲಿ.

ಶುಭಮಸ್ತು.